ಅವಸನ್ನಾಸನ್ನದಿಂದ ಯೋಜನದವರೆಗೆ: ಜೈನ ಕ್ಷೇತ್ರಮಾನವೂ ಕಡೂರು ಸೀಮೆಯ ಅಳತೆಗೋಲೂ

ಕಡೂರಿನ ಕೋಟೆಯಲ್ಲಿ ದೊರೆತ ಕ್ರಿ.ಶ. 971ರ ಶಾಸನವೊಂದು ಪಾಂಬಬ್ಬೆ ಎಂಬ ಅರಸುಮನೆತನದ ಹೆಣ್ಣುಮಗಳ ನೆನಪನ್ನು ಉಳಿಸಿದೆ. ಗಂಗರ ಬೂತುಗನ ಅಕ್ಕನಾದ ಈಕೆ ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪಸ್ಸಿನಲ್ಲಿದ್ದು ಮುಡಿಪಿದಳೆಂದು ಆ ಶಾಸನ ಹೇಳುತ್ತದೆ. ಮೂವತ್ತು ವರ್ಷವೆಂದರೆ ಎಷ್ಟು ಕಾಲವೆಂದು ಕೇಳುವ ಅಗತ್ಯ ನಮಗೆ ಬೀಳುವುದಿಲ್ಲ. ಅಂದಿನ ವರ್ಷವೂ ಇಂದಿನ ವರ್ಷವೂ ಋತುಚಕ್ರದಿಂದಲೇ ಅಳೆಯಲ್ಪಟ್ಟವು. ಸಾವಿರ ವರ್ಷಗಳ ಈಚೆಗೆ ನಿಂತ ಓದುಗನಿಗೂ ಆ ಮಾನವು ಕೈಗೆಟುಕುತ್ತದೆ.

ಉದ್ದದ ಮಾತು ಹಾಗಲ್ಲ. ಅದೇ ಕಾಲದ ಗ್ರಂಥದಲ್ಲಿ ಒಂದು ಯೋಜನ, ಒಂದು ದಂಡ, ಒಂದು ಅಂಗುಲ ಎಂಬ ಮಾತು ಬಂದಾಗ ಓದುಗನು ತಡವರಿಸುತ್ತಾನೆ. ಯಾರ ಅಂಗುಲ, ಯಾವ ಕೋಲು ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಸಂಪಾದಿತ ಕೃತಿಗಳ ಅಡಿಟಿಪ್ಪಣಿಗಳಲ್ಲಿ ಯೋಜನವನ್ನು ಇಷ್ಟು ಕಿಲೋಮೀಟರು ಎಂದು ಒಂದೇ ಮಾತಿನಲ್ಲಿ ಪರಿವರ್ತಿಸಿಬಿಡುವ ಅಭ್ಯಾಸ ಬೆಳೆದಿದೆ. ಅಣು, ತ್ರಸರೇಣುಗಳನ್ನು ನ್ಯಾನೋಮೀಟರಿಗೆ ಸರಿಹೊಂದಿಸಿ ಹೆಮ್ಮೆಪಡುವ ಬರಹಗಳೂ ಕಡಿಮೆಯಿಲ್ಲ. ಜೈನಾಚಾರ್ಯರು ಅತ್ಯಲ್ಪ ಮಾನದಿಂದ ಅತಿ ಮಹತ್ತಾದ ಮಾನಕ್ಕೆ ಹೇಗೆ ಹೋಗುತ್ತಿದ್ದರು, ಆ ದಾರಿಯಲ್ಲಿ ಅವರು ತಳೆದ ಎಚ್ಚರವೇನು, ಕಡೂರು, ತರೀಕೆರೆ, ಅಜ್ಜಂಪುರದಂತಹ ಒಂದು ಸೀಮೆಯ ನೆಲವನ್ನು ಓದುವಾಗ ಆ ಎಚ್ಚರ ನಮಗೆ ಏಕೆ ಬೇಕು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಎಂಟೆಂಟರ ಏಣಿ

ಯತಿವೃಷಭಾಚಾರ್ಯರ ‘ತಿಲೋಯಪಣ್ಣತ್ತಿ’ ಪ್ರಾಕೃತದಲ್ಲಿರುವ ಲೋಕವಿವರಣ ಗ್ರಂಥ. ಇದರ ಕ್ಷೇತ್ರಮಾನವು ಅನಂತಾನಂತ ಪರಮಾಣುಗಳ ಸ್ಕಂಧವಾದ ಅವಸನ್ನಾಸನ್ನದಿಂದ ಆರಂಭವಾಗುತ್ತದೆ. ಎಂಟು ಅವಸನ್ನಾಸನ್ನಗಳಿಗೆ ಒಂದು ಸನ್ನಾಸನ್ನ. ಅಲ್ಲಿಂದ ಎಂಟೆಂಟರಂತೆ ತ್ರುಟಿರೇಣು, ತ್ರಸರೇಣು, ರಥರೇಣು. ಬಳಿಕ ಕೂದಲ ತುದಿಯ ನಾಲ್ಕು ಮೆಟ್ಟಿಲುಗಳು: ಉತ್ತಮ ಭೋಗಭೂಮಿಯ ಮನುಷ್ಯನದು, ಮಧ್ಯಮದವನದು, ಜಘನ್ಯದವನದು, ಕೊನೆಗೆ ಕರ್ಮಭೂಮಿಯವನದು. ಅನಂತರ ಸೀರು, ಹೇನು, ಜವೆಕಾಳು, ಅಂಗುಲ. ಹೀಗೆ ಹನ್ನೆರಡು ಬಾರಿ ಎಂಟರಿಂದ ಗುಣಿಸಿದಾಗ ಒಂದು ಅಂಗುಲಕ್ಕೆ 68,71,94,76,736 ಅವಸನ್ನಾಸನ್ನಗಳಾಗುತ್ತವೆ.

ಅಂಗುಲದಿಂದ ಮೇಲಕ್ಕೆ ಎಂಟರ ನಿಯಮ ನಿಲ್ಲುತ್ತದೆ, ಮನುಷ್ಯದೇಹದ ನಿಯಮ ಮೊದಲಾಗುತ್ತದೆ. ಆರು ಅಂಗುಲ ಒಂದು ಪಾದ, ಎರಡು ಪಾದ ಒಂದು ವಿತಸ್ತಿ, ಎರಡು ವಿತಸ್ತಿ ಒಂದು ಹಸ್ತ, ನಾಲ್ಕು ಹಸ್ತ ಒಂದು ದಂಡ, ಎರಡು ಸಾವಿರ ದಂಡ ಒಂದು ಕ್ರೋಶ, ನಾಲ್ಕು ಕ್ರೋಶ ಒಂದು ಯೋಜನ. ಅಂದರೆ ಯೋಜನವೊಂದಕ್ಕೆ 7,68,000 ಅಂಗುಲಗಳು. ಎರಡೂ ಭಾಗಗಳನ್ನು ಕೂಡಿಸಿದರೆ ಒಂದು ಯೋಜನದಲ್ಲಿ 52,77,65,58,13,32,48,000 ಅವಸನ್ನಾಸನ್ನಗಳಿವೆ. ಇದು ಹದಿನೇಳು ಅಂಕೆಗಳ ಸಂಖ್ಯೆ. ಇಂದಿನ ಪದವಿಪೂರ್ವ ವಿದ್ಯಾರ್ಥಿಯು ನ್ಯಾನೋಮೀಟರಿನಿಂದ ಮೆಗಾಮೀಟರಿಗೆ ಹೋಗುವಾಗ ಹತ್ತರ ಹದಿನೈದನೆಯ ಘಾತವನ್ನು ದಾಟುತ್ತಾನೆ. ಈ ಏಣಿಯ ಹರವು ಅದಕ್ಕಿಂತ ಹಿರಿದು.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದ ಸಂಜ್ಞಾಧಿಕಾರದಲ್ಲಿ ಇದೇ ಏಣಿಯನ್ನು ಸಂಸ್ಕೃತದಲ್ಲಿ ಸಂಕ್ಷೇಪಿಸಿದ್ದಾರೆ. ಅವರು ಅಣುವನ್ನೇ ಮೊದಲ ಮೆಟ್ಟಿಲಾಗಿ ಇಟ್ಟು, ಅಲ್ಲಿಂದ ನೇರವಾಗಿ ತ್ರಸರೇಣುವಿಗೆ ಬರುತ್ತಾರೆ. ಹೇನಿನ ಜಾಗದಲ್ಲಿ ಎಳ್ಳು ಅಥವಾ ಸಾಸಿವೆಯನ್ನು ಹೇಳುತ್ತಾರೆ. ಅದೇ ಅಧಿಕಾರದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸಂಖ್ಯಾಸ್ಥಾನಗಳಿಗೆ ಹೆಸರು ಕೊಟ್ಟಿರುವುದನ್ನು ಇದರೊಡನೆ ಇಟ್ಟು ನೋಡಬೇಕು. ಇಂಥ ಅಳತೆಗಳನ್ನು ಪರಿವರ್ತಿಸಿದಾಗ ಹುಟ್ಟುವ ಸಂಖ್ಯೆಗಳನ್ನು ಹೆಸರಿಟ್ಟು ಓದಲು ಈ ಸ್ಥಾನಗಳು ಧಾರಾಳವಾಗಿ ಸಾಲುತ್ತವೆ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಈ ಕೃತಿ, 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆಯಿಂದ ಹೊರಬಂದಿತು. ಕನ್ನಡ ವಿದ್ಯಾರ್ಥಿಗೆ ಈಗ ಮೂಲವು ದೂರವಿಲ್ಲ.

ಮೂರು ಅಂಗುಲಗಳು

ಏಣಿಯ ಮೆಟ್ಟಿಲುಗಳಿಗಿಂತ ಮುಖ್ಯವಾದ ಮಾತೊಂದನ್ನು ಈ ಗ್ರಂಥಗಳು ಅಂಗುಲದ ಬಳಿ ನಿಂತು ಹೇಳುತ್ತವೆ. ಅಂಗುಲವು ಒಂದಲ್ಲ, ಮೂರು. ಮೇಲಿನ ಕ್ರಮದಲ್ಲಿ ಹುಟ್ಟಿದ್ದು ಉತ್ಸೇಧಾಂಗುಲ. ಮಹಾವೀರಾಚಾರ್ಯರು ಇದನ್ನು ವ್ಯವಹಾರಾಂಗುಲ ಎನ್ನುತ್ತಾರೆ. ಅದರ ಐದುನೂರರಷ್ಟು ಪ್ರಮಾಣಾಂಗುಲ. ಆಯಾ ಕಾಲದ ಮನುಷ್ಯರ ಬೆರಳಿನ ಅಳತೆ ಆತ್ಮಾಂಗುಲ.

ಯಾವುದನ್ನು ಯಾವುದರಿಂದ ಅಳೆಯಬೇಕೆಂಬ ವಿಧಿಯೂ ತಿಲೋಯಪಣ್ಣತ್ತಿಯಲ್ಲಿದೆ. ದೇವ, ಮನುಷ್ಯ, ತಿರ್ಯಂಚ, ನಾರಕರ ದೇಹದ ಎತ್ತರಕ್ಕೆ ಉತ್ಸೇಧಾಂಗುಲ. ದ್ವೀಪ, ಸಮುದ್ರ, ಪರ್ವತಗಳಿಗೆ ಪ್ರಮಾಣಾಂಗುಲ. ಕಲಶ, ಶಯ್ಯೆ, ರಥ, ಆಯುಧ, ಮನೆಗಳಂತಹ ಬಳಕೆಯ ವಸ್ತುಗಳಿಗೆ ಆತ್ಮಾಂಗುಲ. ಆದಕಾರಣ ಯೋಜನ ಎಂಬ ಒಂದೇ ಪದ ಎರಡು ಕಡೆ ಬಂದರೂ ಅದರ ಉದ್ದ ಒಂದೇ ಆಗಿರಬೇಕಿಲ್ಲ. ತೀರ್ಥಂಕರನ ದೇಹವನ್ನು ಧನುಸ್ಸಿನಿಂದ ಹೇಳುವಾಗಲೂ ಜಂಬೂದ್ವೀಪದ ಪರ್ವತವನ್ನು ಯೋಜನದಿಂದ ಹೇಳುವಾಗಲೂ ನಡುವೆ ಐದುನೂರರ ಗುಣಕವೊಂದು ಮೌನವಾಗಿ ಕುಳಿತಿರುತ್ತದೆ. ಏಕಮಾನ ಯಾವುದೆಂದು ಹೇಳದ ಸಂಖ್ಯೆಯು ಉದ್ದವೇ ಅಲ್ಲ ಎಂಬ ತಿಳಿವಳಿಕೆ ಈ ವಿಭಾಗದ ಹಿಂದೆ ಇದೆ.

ಜಂಬೂದ್ವೀಪದ ಪರಿಧಿ

ಈ ಏಣಿಯನ್ನು ಮೇಲಿನಿಂದ ಕೆಳಕ್ಕೆ ಪೂರ್ತಿಯಾಗಿ ಇಳಿದ ಪ್ರಸಿದ್ಧ ಉದಾಹರಣೆಯೆಂದರೆ ಜಂಬೂದ್ವೀಪದ ಪರಿಧಿಯ ಗಣನೆ. ದ್ವೀಪದ ವ್ಯಾಸ ಒಂದು ಲಕ್ಷ ಯೋಜನ. ವ್ಯಾಸದ ವರ್ಗವನ್ನು ಹತ್ತರಿಂದ ಗುಣಿಸಿ ವರ್ಗಮೂಲ ತೆಗೆದರೆ ಪರಿಧಿ ಎಂಬುದು ಜೈನ ಗ್ರಂಥಗಳ ಸೂಕ್ಷ್ಮ ಕ್ರಮ. ಪರಿಧಿಯು 3,16,227 ಯೋಜನ, 3 ಕ್ರೋಶ, 128 ದಂಡ, ಹದಿಮೂರೂವರೆ ಅಂಗುಲಕ್ಕಿಂತ ತುಸು ಹೆಚ್ಚು ಎಂಬ ಬೆಲೆ ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳಲ್ಲಿ ಕಾಣುತ್ತದೆ. ತಿಲೋಯಪಣ್ಣತ್ತಿ ಅಷ್ಟಕ್ಕೆ ನಿಲ್ಲದೆ ಅವಸನ್ನಾಸನ್ನದವರೆಗೂ ಇಳಿದು, ಕೊನೆಯಲ್ಲಿ 105409ರಲ್ಲಿ 23213 ಭಾಗ ಉಳಿಯಿತೆಂದು ಹೇಳುತ್ತದೆ. ಗಣಿತದ ಇತಿಹಾಸಕಾರರಾದ ಆರ್.ಸಿ. ಗುಪ್ತರು ಈ ಗಣನೆಯನ್ನು ವಿಶದವಾಗಿ ಪರಿಶೀಲಿಸಿದ್ದಾರೆ. ಓದುಗರೂ ಕಾಗದ ಹಿಡಿದು ಇದನ್ನು ಮಾಡಿ ನೋಡಬಹುದು.

ಹತ್ತು ಸಾವಿರ ಕೋಟಿಯ ವರ್ಗಮೂಲದ ಪೂರ್ಣಾಂಕ ಭಾಗ 3,16,227. ಅದರ ವರ್ಗವನ್ನು ಕಳೆದರೆ ಉಳಿಯುವುದು 4,84,471. ಈ ಶೇಷವನ್ನು ಮೂಲದ ಇಮ್ಮಡಿಯಾದ 6,32,454ರಿಂದ ಭಾಗಿಸಬೇಕು. ಯೋಜನಕ್ಕೆ ನಾಲ್ಕು ಕ್ರೋಶವಾದುದರಿಂದ ಶೇಷವನ್ನು ನಾಲ್ಕರಿಂದ ಗುಣಿಸಿ ಭಾಗಿಸಿದರೆ 3 ಕ್ರೋಶ ಬಂದು 40,522 ಉಳಿಯುತ್ತದೆ. ಅದನ್ನು 2000ದಿಂದ ಗುಣಿಸಿ ಭಾಗಿಸಿದರೆ 128 ದಂಡ ಬಂದು 89,888 ಉಳಿಯುತ್ತದೆ. ಅದನ್ನು 96ರಿಂದ ಗುಣಿಸಿ ಭಾಗಿಸಿದರೆ 13 ಅಂಗುಲ, ಶೇಷ 4,07,346. ಭಾಜ್ಯ, ಭಾಜಕಗಳೆರಡನ್ನೂ ಆರರಿಂದ ಇಳಿಸಿದರೆ 105409ರಲ್ಲಿ 67891 ಭಾಗ. ಗ್ರಂಥ ಹೇಳಿದ ಛೇದವು ಇಲ್ಲಿಯೇ ಕಾಣಿಸಿಕೊಂಡಿತು.

ಇನ್ನು ಎಂಟೆಂಟರಿಂದ ಗುಣಿಸುತ್ತ ಭಾಗಿಸುತ್ತ ಹೋದರೆ ಕ್ರಮವಾಗಿ ದೊರೆಯುವುದು ಹೀಗೆ: 5 ಜವೆ, 1 ಹೇನು, 1 ಸೀರು, ಕರ್ಮಭೂಮಿಯ 6 ಕೂದಲು, ಜಘನ್ಯ ಭೋಗಭೂಮಿಯದು ಸೊನ್ನೆ, ಮಧ್ಯಮದ್ದು 7, ಉತ್ತಮದ್ದು 5, ರಥರೇಣು 1, ತ್ರಸರೇಣು 3, ತ್ರುಟಿರೇಣು ಸೊನ್ನೆ, ಸನ್ನಾಸನ್ನ 2, ಅವಸನ್ನಾಸನ್ನ 3. ಶೇಷ ಸರಿಯಾಗಿ 23213. ಶತಮಾನಗಳ ಕಾಲ ಓಲೆಯಿಂದ ಓಲೆಗೆ ಪ್ರತಿಯಾಗುತ್ತ ಬಂದ ಭಿನ್ನರಾಶಿಯೊಂದು ಒಂದು ಅಂಕೆಯೂ ಕೆಡದೆ ನಮ್ಮ ಮುಂದೆ ನಿಲ್ಲುತ್ತದೆ. ಲಿಪಿಕಾರರ ದೋಷಗಳನ್ನು ಎಣಿಸಿ ದಣಿದ ಸಂಪಾದಕನಿಗೆ ಇದರ ಬೆಲೆ ತಿಳಿದೀತು. ಪಠ್ಯವು ಶುದ್ಧವೇ ಎಂದು ಗಣಿತದಿಂದಲೇ ಪರೀಕ್ಷಿಸಬಹುದಾದ ಅಪರೂಪದ ಸಂದರ್ಭವಿದು.

ಈ ಸೂಕ್ಷ್ಮತೆಯನ್ನು ಸರಿಯಾಗಿ ಬೆಲೆಗಟ್ಟಬೇಕು. ಹತ್ತರ ವರ್ಗಮೂಲವನ್ನು ಇಂದಿನ ಕ್ರಮದಲ್ಲಿ ದಶಮಾಂಶಗಳವರೆಗೆ ತೆಗೆದು ಪರಿವರ್ತಿಸಿದರೆ 128 ದಂಡಗಳ ಬಳಿಕ ದೊರೆಯುವುದು ಸುಮಾರು 12.93 ಅಂಗುಲ, ಹದಿಮೂರೂವರೆಯಲ್ಲ. ಶೇಷವನ್ನು ಮೂಲದ ಇಮ್ಮಡಿಯಿಂದ ಭಾಗಿಸುವುದು ಸಮೀಪದ ಬೆಲೆಯನ್ನು ಕೊಡುವ ಕ್ರಮವಾದುದರಿಂದ ಈ ವ್ಯತ್ಯಾಸ ಬಂದಿದೆ. ಆದ್ದರಿಂದ ಅಂಗುಲದ ಕೆಳಗಿನ ಹನ್ನೆರಡು ಮೆಟ್ಟಿಲುಗಳ ಅಂಕೆಗಳು ನಿಜವಾದ ವರ್ಗಮೂಲದ ಅಂಕೆಗಳಲ್ಲ. ಪರಿಧಿ, ವ್ಯಾಸಗಳ ಪ್ರಮಾಣವೂ ಹತ್ತರ ವರ್ಗಮೂಲವಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆ. ಆದರೂ ಮೂರು ಲಕ್ಷ ಯೋಜನಗಳನ್ನು ಮೀರಿದ ಗಣನೆಯಲ್ಲಿ ವರ್ಗಮೂಲದ ಕ್ರಮದಿಂದ ಬಂದ ವ್ಯತ್ಯಾಸ ಒಂದು ಅಂಗುಲವನ್ನೂ ಮುಟ್ಟಿಲ್ಲ. ಇತಿಹಾಸಕಾರನಿಗೆ ಈ ಮುಕ್ಕಾಲು ಅಂಗುಲವೇ ನಿಧಿ. ಆಚಾರ್ಯರು ವರ್ಗಮೂಲವನ್ನು ಯಾವ ಕ್ರಮದಿಂದ ತೆಗೆದರೆಂಬುದನ್ನು ಅದು ಸಾಕ್ಷಿ ಹೇಳುತ್ತದೆ. ಯೋಜನದಲ್ಲಿಯೇ ನಿಲ್ಲಿಸಿದ್ದರೆ ಈ ಸಾಕ್ಷಿ ದೊರೆಯುತ್ತಿರಲಿಲ್ಲ. ಹಿರಿದಾದ ಮಾನವನ್ನು ಕಿರಿದಾದ ಮಾನಕ್ಕೆ ಇಳಿಸಿದ್ದರಿಂದಲೇ ಅದು ಬೆಳಕಿಗೆ ಬಂದಿದೆ.

ಎರಡು ಮಿಲಿಮೀಟರಿನ ಬೆಲೆ

ಏಣಿಯ ಒಳಗೆ ಇಷ್ಟು ಬಿಗಿಯಾಗಿರುವ ಲೆಕ್ಕ, ಏಣಿಯಿಂದ ಹೊರಕ್ಕೆ ಕಾಲಿಟ್ಟೊಡನೆ ಸಡಿಲವಾಗುತ್ತದೆ. ಹಸ್ತವನ್ನು ಹದಿನೆಂಟು ಇಂಚು ಎಂದು ಹಿಡಿದರೆ ಅಂಗುಲವು 1.905 ಸೆಂಟಿಮೀಟರು, ಯೋಜನವು ಸುಮಾರು 14.6 ಕಿಲೋಮೀಟರು. ಅಂಗುಲದಲ್ಲಿ ಎರಡೇ ಮಿಲಿಮೀಟರು ಹೆಚ್ಚುಕಡಿಮೆಯಾದರೆ ಯೋಜನದಲ್ಲಿ 1,536 ಮೀಟರುಗಳ ಅಂತರ ಬೀಳುತ್ತದೆ. ಇಬ್ಬರು ಮನುಷ್ಯರ ಬೆರಳುಗಳ ನಡುವೆ ಎರಡು ಮಿಲಿಮೀಟರಿನ ವ್ಯತ್ಯಾಸ ಸಹಜವೆಂಬುದನ್ನು ಹೇಳಬೇಕಿಲ್ಲ. ಇನ್ನು ಪ್ರಮಾಣಾಂಗುಲದ ಸಂದರ್ಭವನ್ನು ಗಮನಿಸದೆ ಹೋದರೆ ತಪ್ಪು ಐದುನೂರರಷ್ಟಾಗುತ್ತದೆ. ಅದೇ 14.6 ಕಿಲೋಮೀಟರಿನ ಜಾಗದಲ್ಲಿ ಏಳು ಸಾವಿರ ಕಿಲೋಮೀಟರು ಬಂದು ನಿಲ್ಲುತ್ತದೆ.

ಕೆಳಗಿನ ತುದಿಯಲ್ಲಿಯೂ ಇದೇ ಕಥೆ. ಕೂದಲಿನ ನಾಲ್ಕು ಮೆಟ್ಟಿಲುಗಳನ್ನು ಒಂದೆಂದು ಎಣಿಸಿದರೆ ಉತ್ತರದಲ್ಲಿ 512 ಪಟ್ಟು ವ್ಯತ್ಯಾಸವಾಗುತ್ತದೆ. ಆದುದರಿಂದ ಅಣುವಿನ ಬೆಲೆಯನ್ನು ಆಧುನಿಕ ಭೌತಶಾಸ್ತ್ರದ ಪರಮಾಣುವಿನ ವ್ಯಾಸಕ್ಕೆ ಹೊಂದಿಸಿ ಪೂರ್ವಿಕರ ಜ್ಞಾನವನ್ನು ಮೆರೆಸಹೊರಡುವುದು ಅವರಿಗೆ ಮಾಡುವ ಉಪಕಾರವಲ್ಲ. ಅವರು ಪರಮಾಣುವನ್ನು ಅಳೆದೆವೆಂದು ಎಲ್ಲಿಯೂ ಹೇಳಿಕೊಂಡಿಲ್ಲ. ಅನಂತಾನಂತ ಎಂದು ಹೇಳಿ ಅಲ್ಲಿ ಸಂಖ್ಯೆಯನ್ನು ನಿಲ್ಲಿಸಿದ್ದಾರೆ. ಲೆಕ್ಕಕ್ಕೆ ಸಿಗುವುದು ಎಲ್ಲಿಂದ ಮೊದಲಾಗುತ್ತದೆ ಎಂಬ ಗೆರೆಯನ್ನು ಎಳೆದುಕೊಂಡ ಬಳಿಕವೇ ಅವರ ಏಣಿ ಏಳುತ್ತದೆ.

ಅಮೃತಾಪುರದ ಕಡೆಗೆ

ಗ್ರಂಥದ ಯೋಜನದಿಂದ ನೆಲದ ಅಳತೆಗೆ ಬರೋಣ. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯನು 1196ರಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಅಲ್ಲಿಯ ಶಾಸನ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟದಲ್ಲಿ ತರೀಕೆರೆ 45ನೆಯದು. ಬಿ.ಎಲ್. ರೈಸರು 1901ರಲ್ಲಿ ಹೊರತಂದ ಈ ಸಂಪುಟ ಅಂದಿನ ಕಡೂರು ಜಿಲ್ಲೆಗೆ ಮೀಸಲಾದುದು. ಈ ಶಾಸನವನ್ನು ರಚಿಸಿದವನು ‘ಯಶೋಧರ ಚರಿತೆ’, ‘ಅನಂತನಾಥ ಪುರಾಣ’ಗಳ ಕರ್ತೃವಾದ ಜನ್ನ ಎಂಬುದನ್ನು ಸಾಹಿತ್ಯ ಚರಿತ್ರೆ ಗುರುತಿಸಿದೆ. ಜೈನ ಕವಿಯೊಬ್ಬನು ಶಿವಾಲಯದ ಶಾಸನಕ್ಕೆ ಪದ್ಯ ಕಟ್ಟಿಕೊಟ್ಟ ಈ ಪ್ರಸಂಗ ಬೇರೆ ಕಾರಣಗಳಿಗಾಗಿ ಆಗಾಗ ಉಲ್ಲೇಖವಾಗುತ್ತದೆ. ನಮ್ಮ ವಿಷಯಕ್ಕೂ ಅದು ಪ್ರಸ್ತುತ. ಜೈನ ಪುರಾಣದ ಎಂಟು ಅಂಗಗಳಲ್ಲಿ ಲೋಕಾಕಾರ ಕಥನವೂ ಒಂದು. ಪುರಾಣಕವಿಗೆ ರಜ್ಜು, ಯೋಜನಗಳ ಪರಿಭಾಷೆ ತಿಳಿದಿರಬೇಕು. ಶಾಸನಕವಿ ನಿಲ್ಲುವುದೋ ಗದ್ದೆ, ಬೆದ್ದಲು, ತೋಟಗಳ ಎಲ್ಲೆಯಲ್ಲಿ. ಎರಡು ಬಗೆಯ ಅಳತೆಗಳ ಲೋಕವು ಒಬ್ಬನೇ ಲೇಖಕನ ಬಳಕೆಯಲ್ಲಿ ಕೂಡಿತ್ತು.

ಹೊಯ್ಸಳ ಕಾಲದ ದಾನಶಾಸನಗಳಲ್ಲಿ ನೆಲವನ್ನು ಖಂಡುಗ, ಸಲಗೆ, ಕೊಳಗಗಳಲ್ಲಿ ಹೇಳುವುದು ಸಾಮಾನ್ಯ. ಇವು ಬಿತ್ತುವ ಬೀಜದ ಪ್ರಮಾಣದಿಂದ ಬಂದ ಮಾನಗಳು. ಒಂದು ಖಂಡುಗ ಗದ್ದೆಗೂ ಒಂದು ಖಂಡುಗ ಬೆದ್ದಲಿಗೂ ವಿಸ್ತಾರ ಒಂದೇ ಅಲ್ಲ. ಮತ್ತರು, ಕಮ್ಮಗಳಲ್ಲಿ ಅಳೆದ ಕಡೆ ಕೋಲಿನ ಮಾತು ಬರುತ್ತದೆ. ಬನವಾಸಿ ನಾಡಿನ ಶಾಸನಗಳಲ್ಲಿ ಭೇರುಂಡ ಗಳೆಯ ಹೆಸರಿದೆ. ಬೇರೆಡೆ ರಾಜಮಾನದ ಗಳೆಯ ಹೆಸರಿದೆ. ಇಂತಿಷ್ಟು ಮತ್ತರು ಎಂದು ಹೇಳಿ ಸುಮ್ಮನಾಗದೆ ಇಂಥ ಗಳೆಯಲ್ಲಿ ಎಂದು ಸೇರಿಸಿದ ಬರಹಗಾರನು, ಮೂರು ಅಂಗುಲಗಳನ್ನು ಬೇರ್ಪಡಿಸಿದ ಆಚಾರ್ಯರ ಮಾತನ್ನೇ ನೆಲದ ಮೇಲೆ ಆಡಿದ್ದಾನೆ. ದಾನ ಪಡೆದವನಿಗೂ ಅವನ ಸಂತತಿಗೂ ಇದು ಅಲಂಕಾರದ ಮಾತಾಗಿರಲಿಲ್ಲ. ಕೋಲು ಗಿಡ್ಡವಾದರೆ ಗದ್ದೆ ಚಿಕ್ಕದಾಗುತ್ತದೆ. ಕೋಲಿನ ಉದ್ದ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ನೆಲದಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಪಾಲು ಹೋಗುತ್ತದೆ.

ಈ ನೆಲದ ಲೆಕ್ಕವನ್ನು ಕನ್ನಡದಲ್ಲಿಯೇ ಕಲಿಸಿದವನು ಹನ್ನೆರಡನೆಯ ಶತಮಾನದ ಜೈನ ಕವಿ ರಾಜಾದಿತ್ಯ. ಪೂವಿನಬಾಗೆಯವನಾದ ಈತನ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳು ಶಾಸ್ತ್ರವನ್ನು ಸಂಸ್ಕೃತದಿಂದ ಊರಿನ ಲೆಕ್ಕಿಗನ ಬಳಿಗೆ ತಂದವು. ಸಾಹಿತ್ಯದ ವಿದ್ಯಾರ್ಥಿಗಳು ಇವನನ್ನು ಗಣಿತಜ್ಞನೆಂದು ಬದಿಗಿಡುವುದು, ಗಣಿತದವರು ಕವಿಯೆಂದು ಬಿಟ್ಟುಬಿಡುವುದು ಎರಡೂ ನಷ್ಟವೇ.

ಸರಪಳಿ, ಮೀಟರು, ಬೆಳಕು

ಮೈಸೂರು ಸಂಸ್ಥಾನದಲ್ಲಿ 1863ರಿಂದ ನಡೆದ ಕಂದಾಯ ಮೋಜಣಿಯು ಊರೂರಿನ ಕೋಲುಗಳ ಜಾಗಕ್ಕೆ 33 ಅಡಿಯ ಸರಪಳಿಯನ್ನು ತಂದಿತು. ಸರಪಳಿಗೆ ಹದಿನಾರು ಆಣೆ. ಸರಪಳಿಯ ಚೌಕ ಒಂದು ಗುಂಟೆ. ನಲವತ್ತು ಗುಂಟೆ ಒಂದು ಎಕರೆ. ಸಂಸ್ಥಾನದ ಉದ್ದಗಲಕ್ಕೂ ಅಳತೆ ಒಂದೇ ಆಯಿತು. ಆದರೂ ಸರಪಳಿ ಕಬ್ಬಿಣದ್ದು, ಎಳೆದೆಳೆದು ಉದ್ದವಾಗುವಂಥದು. ಒಂದು ಇಂಚು ಹಿಗ್ಗಿದ ಸರಪಳಿಯಿಂದ ಎಕರೆ ಅಳೆದರೆ ಮೂರು ಆಣೆಗೂ ಮಿಕ್ಕಿದ ನೆಲ ಲೆಕ್ಕದಿಂದ ತಪ್ಪುತ್ತದೆ. ಮಾನದಂಡವು ವಸ್ತುವಾಗಿರುವವರೆಗೆ ಅದನ್ನು ಮತ್ತೊಂದರಿಂದ ಪರೀಕ್ಷಿಸುತ್ತಲೇ ಇರಬೇಕು.

ಭಾರತವು 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಒಪ್ಪಿಕೊಂಡಿತು. ಅಲ್ಲಿ ಏಣಿಯ ಮೆಟ್ಟಿಲುಗಳೆಲ್ಲ ಹತ್ತರ ಘಾತಗಳು. ಎಂಟು, ಆರು, ತೊಂಬತ್ತಾರುಗಳ ಗೊಡವೆಯಿಲ್ಲ. 1983ರಿಂದ ಮೀಟರು ಒಂದು ಲೋಹದ ಸರಳಾಗಲೀ ಯಾರ ಬೆರಳಾಗಲೀ ಅಲ್ಲ: ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ನೆಯ ಒಂದು ಪಾಲಿನಲ್ಲಿ ಚಲಿಸುವ ದೂರ. ಮಹಾವೀರಾಚಾರ್ಯರು ಎತ್ತಿದ ‘ಯಾವ ಅಂಗುಲ’ ಎಂಬ ಪ್ರಶ್ನೆಗೆ ಇಲ್ಲಿ ಎಡೆಯಿಲ್ಲವಾಯಿತು. ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ಉತ್ತರ.

ಹಾಗೆಂದು ಹಳೆಯದು ಅಳಿದಿಲ್ಲ. ಅಜ್ಜಂಪುರದ ಬಳಿ ಭದ್ರಾ ಮೇಲ್ದಂಡೆ ಯೋಜನೆಗಾಗಿ ಕೊರೆದ ಸುಮಾರು ಏಳು ಕಿಲೋಮೀಟರಿನ ಸುರಂಗದ ಉದ್ದವನ್ನು ಮೀಟರುಗಳಲ್ಲಿ ಬರೆಯುತ್ತಾರೆ; ಅದರ ಸುತ್ತಿನ ಹೊಲಗಳ ಪಹಣಿಯಲ್ಲಿ ಇಂದಿಗೂ ಎಕರೆ, ಗುಂಟೆಗಳೇ ಇವೆ. ಹಿಂದೆ ಆಸಂದಿನಾಡು ಎಂದು ಶಾಸನಗಳಲ್ಲಿ ಹೆಸರಾಗಿದ್ದ ಆ ಭಾಗದ ರೈತನು ದಿನವೂ ಎರಡು ಏಣಿಗಳ ನಡುವೆ ಓಡಾಡುತ್ತಾನೆ. ಒಂದು ಗುಂಟೆಗೆ ಸುಮಾರು 101 ಚದರ ಮೀಟರು ಎಂಬ ಸಂಬಂಧವು ಸ್ಥಿರವಾಗಿರುವುದರಿಂದ ಅವನಿಗೆ ಮೋಸವಾಗುವುದಿಲ್ಲ. ಅವನ ಪೂರ್ವಿಕರ ಖಂಡುಗ, ಮತ್ತರುಗಳಿಗೆ ಅಂಥ ಸಂಬಂಧವನ್ನು ಕಟ್ಟಿಕೊಡುವ ಕೆಲಸ ಮಾತ್ರ ಸಂಶೋಧಕರ ಪಾಲಿಗೆ ಉಳಿದಿದೆ.

ಈ ಕೆಲಸಕ್ಕೆ ತೊಡಗುವ ವಿದ್ಯಾರ್ಥಿಗಳು ಜೈನ ಗಣಿತಗ್ರಂಥಗಳಿಂದ ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದು, ಗ್ರಂಥದ ಅಥವಾ ಶಾಸನದ ಸ್ವಂತ ಏಣಿಯೊಳಗೆ ಪರಿವರ್ತನೆಯನ್ನು ಪೂರ್ತಿ ಮಾಡಿ ಮುಗಿಸಬೇಕು. ಅಲ್ಲಿ ಉಳಿಯುವ ಕಿರಿಯ ಶೇಷವೂ ಸಾಕ್ಷಿಯಾಗಬಲ್ಲದು. ಎರಡನೆಯದು, ಏಣಿಯಿಂದ ಏಣಿಗೆ ದಾಟುವಾಗ ಯಾವ ಅಂಗುಲ, ಯಾವ ಗಳೆ ಎಂಬುದನ್ನು ಬರೆದೇ ದಾಟಬೇಕು; ಅದಕ್ಕೆ ಆಧಾರ ದೊರೆಯದ ಕಡೆ ಯೋಜನವನ್ನು ಯೋಜನವಾಗಿಯೇ ಬಿಡುವುದು ಲೇಸು. ಅಡಿಟಿಪ್ಪಣಿಯಲ್ಲಿ ಕಿಲೋಮೀಟರು ಕಾಣದೆ ಹೋದುದರಿಂದ ಓದುಗನಿಗೆ ನಷ್ಟವಿಲ್ಲ. ತಪ್ಪು ಕಿಲೋಮೀಟರು ಒಮ್ಮೆ ಅಚ್ಚಾದರೆ ಅದನ್ನು ನಂಬಿ ಬರೆದ ಹತ್ತು ಪ್ರಬಂಧಗಳನ್ನು ಮತ್ತೆ ತಿದ್ದಬೇಕಾಗುತ್ತದೆ.